ದೊಡ್ಡ ಮನೆ ಖಾಲಿ ಮಾಡುವ ಮುನ್ನ...

ಮಲ್ಲೇಶ್ವರದಲ್ಲಿದ್ದ ನಮ್ಮ ದೊಡ್ಡಮ್ಮನ ಮನೆಯಲ್ಲಿ ಹನ್ನೊಂದು ಕೋಣೆ. ಮುಂದೆ ಮಂಕಿ ಟಾಪ್ ವರಾಂಡ, ಹಿಂದೆ ಬಚ್ಚಲುಮನೆ, ಅಲ್ಲಿ ಮಗು ಇಳಿದರೆ ಕಾಣಿಸದಷ್ಟು ದೊಡ್ಡ ತಾಮ್ರದ ಹಂಡೆ. ಬೀಟೆ ಮರದ ಬೀರು, ತೂಗುಮಂಚ, ವೀಣೆ, ಅಟ್ಟದ ತುಂಬ ಹಿತ್ತಾಳೆ ಪಾತ್ರೆ. ದೊಡ್ಡಪ್ಪ ತೀರಿಕೊಂಡ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಉಳಿದದ್ದು 82ರ ದೊಡ್ಡಮ್ಮ ಮತ್ತು ಅಡುಗೆಯಾಕೆ. ಮಗ ನ್ಯೂಜೆರ್ಸಿಯಲ್ಲಿ, ದೊಡ್ಡ ಮಗಳು ಪುಣೆಯಲ್ಲಿ, ಚಿಕ್ಕವಳು ಜಯನಗರದಲ್ಲಿ. ಕೊನೆಗೆ ಜಾಗ ಬಿಲ್ಡರ್‌ಗೆ ಹೋಯಿತು, ದೊಡ್ಡಮ್ಮ ಮೂರು ಬೆಡ್‌ರೂಮಿನ ಫ್ಲ್ಯಾಟಿಗೆ ಹೋದರು.

ಮೂರು ತಲೆಮಾರು ಕೂಡಿಟ್ಟದ್ದನ್ನು ಮೂರೇ ವಾರದಲ್ಲಿ ಖಾಲಿ ಮಾಡಿದರು. ಈಗ ಅಕ್ಕ-ತಂಗಿ ಮಾತು ಬಿಟ್ಟಿದ್ದಾರೆ. ಬೆಳ್ಳಿ-ಬಂಗಾರಕ್ಕೆ ಜಗಳ ಅಂದುಕೊಂಡಿರಾ? ಅದನ್ನೆಲ್ಲ ತೂಕ ಹಾಕಿ ಹಂಚಿಕೊಂಡಿದ್ದರು. ಜಗಳ ಬಂದದ್ದು ಒಂದು ಮರದ ತೊಟ್ಟಿಲಿಗೆ! ಕೊನೆಯ ದಿನದ ಗಡಿಬಿಡಿಯಲ್ಲಿ ಅಟ್ಟದಿಂದ ಇಳಿಸಿದ ಸಾಮಾನಿನ ಜತೆ ಅದೂ ಗುಜರಿ ಗಾಡಿ ಏರಿತು. ‘ನನ್ನ ಮಕ್ಕಳಿಬ್ಬರೂ ಮಲಗಿದ ತೊಟ್ಟಿಲು, ನನಗಲ್ಲದೆ ಇನ್ಯಾರಿಗೆ?’ ಅಂತ ಅಕ್ಕ. ‘ಬೇಕು ಅಂತ ಬಾಯಿ ಬಿಟ್ಟು ಹೇಳಿದ್ದೆಯೇನೇ?’ ಅಂತ ತಂಗಿ. ಇಬ್ಬರ ಮಾತೂ ನಿಜವೇ.

ಹಳೇ ಬಡಾವಣೆಗಳಲ್ಲಿ ಇಂಥ ಮನೆಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ನಿಮ್ಮ ಅತ್ತೆಯ ಮನೆಯೋ ತವರುಮನೆಯೋ ಆ ಸಾಲಿನಲ್ಲಿರಬಹುದು. ಕೆಲಸ ಬೀಳುವುದು ಹೆಂಗಸರ ತಲೆಗೇ ತಾನೇ? ಅದಕ್ಕೇ ಈ ಮಾತು. ಎಲ್ಲರೂ ಮೊದಲು ಕೇಳುವುದು ‘ಎಷ್ಟಕ್ಕೆ ಹೋಗುತ್ತೆ?’ ಅಂತ. ಮಾರಾಟ ಬರಬೇಕಾದ್ದು ಎಲ್ಲಕ್ಕಿಂತ ಕೊನೆಗೆ. ಮೊದಲು ಮನುಷ್ಯರು, ಆಮೇಲೆ ಕಾಗದಪತ್ರ, ಆಮೇಲೆ ಪಾಲು, ಆಮೇಲಷ್ಟೇ ಮಾರಾಟ. ಇದಕ್ಕೆ ಮೂರು ತಿಂಗಳಾದರೂ ಬೇಕು. ಆಷಾಢದಲ್ಲಿ ಹೇಗೂ ಯಾರೂ ಮನೆ ಬದಲಿಸುವುದಿಲ್ಲ, ಆ ತಿಂಗಳನ್ನು ಸಾಮಾನು ವಿಂಗಡಿಸಲು ಇಟ್ಟುಕೊಂಡರೆ ಶ್ರಾವಣದಲ್ಲಿ ಹಾಲುಕ್ಕಿಸಬಹುದು.

ಮೊದಲು ಅಮ್ಮನ ಕೋಣೆ

ದೊಡ್ಡಮ್ಮನ ಮನೆಯಲ್ಲಿ ಆದ ದೊಡ್ಡ ತಪ್ಪು ಅಂದರೆ ಅವರು ಅಲ್ಲೇ ಕೂತಿರುವಾಗ ಮಾರಾಟ ಮಾಡಿದ್ದು. ಯಾರೋ ಬಂದು ಅವರ ಕಡುಬಿನ ಪಾತ್ರೆಯನ್ನು ಬೋರಲು ಹಾಕಿ, ಬೆರಳಿನ ಗೆಣ್ಣಿನಿಂದ ಕುಟ್ಟಿ ‘ತೂತಿದೆಯಲ್ಲಮ್ಮಾ’ ಅಂದ. ದೊಡ್ಡಮ್ಮ ಏನೂ ಹೇಳಲಿಲ್ಲ. ಆ ರಾತ್ರಿ ಊಟ ಮಾಡಲಿಲ್ಲ, ಅಷ್ಟೆ.

ಆದ್ದರಿಂದ ಹಿರಿಯರನ್ನು ಮೊದಲು ಹೊಸ ಮನೆಗೆ ಸೇರಿಸಿ. ಅವರ ಮಂಚ, ಅದರ ಪಕ್ಕದ ಮೇಜು, ದೇವರ ಮಂಟಪ, ಕಾಫಿ ಫಿಲ್ಟರ್, ಹಳೇ ಗಡಿಯಾರ ಎಲ್ಲ ಹಳೇ ಮನೆಯಲ್ಲಿ ಇದ್ದ ಕಡೆಗೇ ಇಡಿ. ರಾತ್ರಿ ಎದ್ದಾಗ ಎಡಗೈಗೆ ಸಿಗುತ್ತಿದ್ದ ಸ್ವಿಚ್ಚು ಎಡಗೈಗೇ ಸಿಗುವಂತಿರಲಿ. ಅವರು ಅಲ್ಲಿ ಎರಡು ವಾರ ಕಳೆದ ಮೇಲೆ ಇಲ್ಲಿ ಬಾಗಿಲು ತೆರೆಯಿರಿ. ಎರಡು ವಾರದಲ್ಲಿ ಅವರಿಗೇ ಗೊತ್ತಾಗುತ್ತದೆ, ಏನು ಬೇಕು, ಏನು ಬೇಡ ಅಂತ.

ಇಂಚುಪಟ್ಟಿ ಹಿಡಿದು ಹೊಸ ಫ್ಲ್ಯಾಟಿನ ಬಾಗಿಲು, ಲಿಫ್ಟು, ಮೆಟ್ಟಿಲಿನ ತಿರುವು ಎಲ್ಲ ಅಳೆದುಕೊಳ್ಳಿ. ದೊಡ್ಡಮ್ಮನ ಬೀಟೆ ಬೀರು ಲಿಫ್ಟಿಗೆ ಹಿಡಿಸಲಿಲ್ಲ. ಏಳು ಮಹಡಿ ಹೊರಲು ಆಳುಗಳು ಒಪ್ಪಲಿಲ್ಲ. ತೂಗುಮಂಚಕ್ಕೆ ಚಾವಣಿಯಲ್ಲಿ ಕೊಂಡಿ ಬೇಕು. ಫ್ಲ್ಯಾಟಿನಲ್ಲಿ ಅದನ್ನು ಹಾಕಿಸಬಹುದೇ ಎಂದು ಎಂಜಿನಿಯರನ್ನು ಕೇಳದೆ ಗೋಡೆ ಕೊರೆಸಬೇಡಿ.

ಹಳೇ ಪೇಪರ್‌ನವನನ್ನು ಕರೆಯಬೇಡಿ

ಈಗಲೇ ಬೇಡ ಅಂತ. ಹಳೆಯ ಕಾಲದ ಗಂಡಸರು ಷೇರು ಪತ್ರಗಳನ್ನು ಡೈರಿಯಲ್ಲಿ, ಟ್ರಂಕಿನ ತಳದಲ್ಲಿ ಹಾಸಿದ ಕಾಗದದ ಕೆಳಗೆ, ದೇವರ ಪಟದ ಹಿಂದೆ ಇಡುತ್ತಿದ್ದರು. 2019ರ ಏಪ್ರಿಲ್‌ನಿಂದ ಕಾಗದದ ಷೇರುಗಳನ್ನು ಹಾಗೇ ಮಾರುವಂತಿಲ್ಲ, ನಿಜ. ಆದರೆ ವಾರಸುದಾರರು ತಮ್ಮ ಹೆಸರಿಗೆ ಮಾಡಿಸಿಕೊಂಡು ಡಿಮ್ಯಾಟ್ ಮಾಡಿಸಬಹುದು. ಏಳು ವರ್ಷ ಡಿವಿಡೆಂಡ್ ಯಾರೂ ತೆಗೆದುಕೊಳ್ಳದಿದ್ದರೆ ಷೇರುಗಳು ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತವೆ. ಅಲ್ಲಿಂದಲೂ ಅರ್ಜಿ ಹಾಕಿ ಪಡೆಯಬಹುದು. ಹತ್ತು ವರ್ಷ ಮುಟ್ಟದ ಬ್ಯಾಂಕ್ ಠೇವಣಿಗಳ ಕಥೆಯೂ ಹಾಗೇ. ಅವನ್ನು ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ ‘ಉದ್ಗಮ್’ ಎಂಬ ವೆಬ್‌ಸೈಟ್ ತೆರೆದಿದೆ.

ಸೀರೆಯ ಮಡಿಕೆ, ಅಕ್ಕಿ ಡಬ್ಬ, ದಿಂಬಿನ ಕವರು ಎಲ್ಲ ಕೊಡವಿ ನೋಡಿ. ನಮ್ಮ ಹೆಂಗಸರ ಬ್ಯಾಂಕು ಇರುವುದೇ ಅಲ್ಲಿ! 2016ರ ನವೆಂಬರ್‌ನಲ್ಲಿ ರದ್ದಾದ 500, 1000ದ ನೋಟು ಸಿಕ್ಕರೆ ನೆನಪಿಗೆ ಒಂದೆರಡು ಇಟ್ಟುಕೊಳ್ಳಬಹುದು. ಹತ್ತಕ್ಕಿಂತ ಹೆಚ್ಚು ಇಟ್ಟುಕೊಂಡರೆ 2017ರ ಕಾನೂನಿನ ಪ್ರಕಾರ ದಂಡ. 2000ದ ನೋಟು ಸಿಕ್ಕರೆ ರಿಸರ್ವ್ ಬ್ಯಾಂಕ್ ಕಚೇರಿಯಲ್ಲಿ ವಿಚಾರಿಸಿ.

ತಾಳೆಗರಿ ಕಟ್ಟು ಸಿಕ್ಕರೆ ‘ಗೆದ್ದಲು ಹಿಡಿದಿದೆ’ ಎಂದು ಒಲೆಗೆ ಹಾಕಬೇಡಿ. ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದದ್ದು ತಂಜಾವೂರು ಕಡೆಯ ಪಂಡಿತರೊಬ್ಬರ ಕೈಯಿಂದ. ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚು ಹಾಕಿಸಿದರು. ನಿಮ್ಮ ಅಟ್ಟದಲ್ಲಿರುವುದು ಬರೀ ಮನೆಯ ಲೆಕ್ಕವೂ ಇರಬಹುದು. ಓದಬಲ್ಲವರಿಗೆ ಒಮ್ಮೆ ತೋರಿಸಿ.

ಮಾರಲು ಬಾರದ ವಸ್ತುಗಳು

ಶ್ರೀಮಂತರ ಹಳೇ ಮನೆ ಅಂದ ಮೇಲೆ ಗೋಡೆಯ ಮೇಲೊಂದು ಜಿಂಕೆಯ ಕೊಂಬೋ, ಹುಲಿ ಚರ್ಮವೋ, ಮೊಮ್ಮಗನ ಕೊರಳಿನ ಹುಲಿ ಉಗುರೋ ಇದ್ದೇ ಇರುತ್ತದೆ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪೆಂಡೆಂಟ್ ಎಷ್ಟು ಜನರ ನಿದ್ದೆ ಕೆಡಿಸಿತೆಂದು ನೆನಪಿದೆಯಲ್ಲ? 1972ರ ವನ್ಯಜೀವಿ ಕಾಯ್ದೆಯಂತೆ ಇವನ್ನು ಮಾರುವ ಹಾಗಿಲ್ಲ, ಮಾಲೀಕತ್ವದ ಪ್ರಮಾಣಪತ್ರ ಇಲ್ಲದೆ ಇಟ್ಟುಕೊಳ್ಳುವ ಹಾಗೂ ಇಲ್ಲ. ಪ್ರಮಾಣಪತ್ರ ಇದ್ದರೂ ವಾರಸುದಾರಿಕೆಯಲ್ಲಿ ಬರಬಹುದೇ ಹೊರತು ಮಾರಾಟಕ್ಕಲ್ಲ. ವಕೀಲರನ್ನು ಕೇಳಿ, ಅರಣ್ಯ ಇಲಾಖೆಗೆ ನೀವಾಗಿ ಹೇಳಿ.

ಬಹಳ ಜನರ ಗಮನಕ್ಕೆ ಬಾರದ ಒಂದು ವಿಷಯ: ಮೈಸೂರಿನ ಬೀಟೆ ಮರದ ಕುಸುರಿ ಮೇಜು, ಪೆಟ್ಟಿಗೆಗಳಲ್ಲಿ ಹಿಂದೆ ದಂತ ಕೂರಿಸುತ್ತಿದ್ದರು. ಹಳೇ ವೀಣೆಗಳ ಅಲಂಕಾರದಲ್ಲೂ ದಂತ ಇರುತ್ತಿತ್ತು. ಬಿಳಿ ಹೂ-ಬಳ್ಳಿ ಕಂಡರೆ ಅದು ದಂತವೋ ಪ್ಲಾಸ್ಟಿಕ್ಕೋ ತಿಳಿದವರಿಗೆ ತೋರಿಸದೆ ಬೆಲೆ ಹೇಳಬೇಡಿ.

ದೊಡ್ಡಮ್ಮನ ಮಗ ಹಳೇ ಪಂಚಲೋಹದ ಕೃಷ್ಣನನ್ನು ಸೂಟ್‌ಕೇಸಿನಲ್ಲಿ ನ್ಯೂಜೆರ್ಸಿಗೆ ಒಯ್ಯಲು ಹೊರಟಿದ್ದ! ನೂರು ವರ್ಷ ದಾಟಿದ ವಿಗ್ರಹ, ಚಿತ್ರಗಳು ಪ್ರಾಚ್ಯವಸ್ತು ಕಾಯ್ದೆಯೊಳಗೆ ಬರುತ್ತವೆ. ಅವನ್ನು ಹೊರದೇಶಕ್ಕೆ ಒಯ್ಯುವಂತಿಲ್ಲ. ಎಷ್ಟು ಹಳೆಯದೆಂಬ ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ಪರೀಕ್ಷೆ ಮಾಡಿಸಿ ಪತ್ರ ಪಡೆಯಬಹುದು. ಕೃಷ್ಣ ಈಗ ಜಯನಗರದಲ್ಲಿದ್ದಾನೆ.

ಅಜ್ಜನ ಕೋವಿ ಇದ್ದರೆ ಬೀರುವಿನಲ್ಲೇ ಇಟ್ಟು ಸುಮ್ಮನಿರಬೇಡಿ. ಲೈಸೆನ್ಸ್ ಅಜ್ಜನ ಹೆಸರಿನದು. ಪೊಲೀಸ್ ಠಾಣೆಗೆ ತಿಳಿಸಿ ಮುಂದಿನದನ್ನು ನೋಡಿ.

ಬೊಟ್ಟಿನ ಉಪಾಯ

ಪಾಲಿನ ವಿಷಯಕ್ಕೆ ನನ್ನ ಗೆಳತಿಯೊಬ್ಬಳು ಕಂಡುಕೊಂಡ ದಾರಿ ನನಗೆ ಬಹಳ ಹಿಡಿಸಿತು. ಅಂಗಡಿಯಿಂದ ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ ತಂದಳು. ಅಮ್ಮನಿಗೆ ಕೆಂಪು, ಅಣ್ಣನಿಗೆ ಹಸಿರು, ತನಗೆ ನೀಲಿ, ತಂಗಿಗೆ ಹಳದಿ. ಮೊದಲ ದಿನ ಅಮ್ಮ ಒಬ್ಬರೇ ಮನೆಯೆಲ್ಲ ಓಡಾಡಿ ಬೇಕಾದ್ದಕ್ಕೆಲ್ಲ ಕೆಂಪು ಬೊಟ್ಟು ಇಟ್ಟರು. ಆಮೇಲೆ ಮಕ್ಕಳ ಸರದಿ, ಒಬ್ಬೊಬ್ಬರು ಒಂದೊಂದು ಸಲಕ್ಕೆ ಒಂದೇ ವಸ್ತು. ಪರದೇಶದಲ್ಲಿದ್ದವನಿಗೆ ವಿಡಿಯೊ ಕಾಲ್. ಒಂದೇ ವಸ್ತುವಿಗೆ ಎರಡು ಬೊಟ್ಟು ಬಿದ್ದರೆ ಚೀಟಿ ಎತ್ತುವುದು. ಬೊಟ್ಟಿಲ್ಲದ್ದು ಮಾತ್ರ ಮಾರಾಟಕ್ಕೆ. ಅಟ್ಟದಲ್ಲಿರುವುದನ್ನೂ ಕೆಳಗಿಳಿಸಿ ಸಾಲಾಗಿಟ್ಟ ಮೇಲೆಯೇ ಈ ಕೆಲಸ. ತೊಟ್ಟಿಲು ಇರುವುದು ಅಟ್ಟದಲ್ಲೇ ತಾನೇ?

ಯಜಮಾನರು ವಿಲ್ ಬರೆಯದೆ ಹೋಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು (ಅವರ ತಾಯಿ ಬದುಕಿದ್ದರೆ ಅವರಿಗೂ). ಮನೆಗಷ್ಟೇ ಅಲ್ಲ, ಅವರ ಬೆಳ್ಳಿ ತಟ್ಟೆಗೂ. ಅಮ್ಮನ ಒಡವೆ ಮಾತ್ರ ಅಮ್ಮನದೇ. ಅವರಿರುವಾಗ ಅದರ ಮಾತೆತ್ತುವುದೇ ತಪ್ಪು. ಹಂಚಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಎಲ್ಲರ ಸಹಿ ಹಾಕಿಸಿಕೊಳ್ಳಿ. ‘ನಮ್ಮನಮ್ಮಲ್ಲಿ ಸಹಿ ಯಾಕೆ?’ ಅನ್ನುವವರು ಇದ್ದೇ ಇರುತ್ತಾರೆ. ಅವರ ಸಹಿಯನ್ನೇ ಮೊದಲು ಹಾಕಿಸಿ.

ಮನೆಯಲ್ಲಿ ವರ್ಷಗಟ್ಟಲೆ ದುಡಿದವರಿಗೂ ಒಂದು ಬೊಟ್ಟು ಇರಲಿ. ಕೈ ಮುರಿದ ಕುರ್ಚಿ ಕೊಟ್ಟು ಕೈತೊಳೆದುಕೊಳ್ಳಬೇಡಿ. ಕೆಲಸ ಹೋಗುತ್ತಿರುವುದು ಅವರದು. ಒಂದಷ್ಟು ತಿಂಗಳ ಸಂಬಳ ಕೈಗಿಟ್ಟು, ಬೇರೆ ಮನೆ ನೋಡಿಕೊಳ್ಳಲು ಸಮಯ ಕೊಡಿ.

ಈಗ ಮಾರಾಟ

ಅಮೆರಿಕದಲ್ಲಿ ಇದಕ್ಕೆ ‘ಎಸ್ಟೇಟ್ ಸೇಲ್’ ಅನ್ನುತ್ತಾರೆ. ಎರಡು-ಮೂರು ದಿನ ಮನೆಯ ಬಾಗಿಲನ್ನೇ ತೆರೆದಿಟ್ಟು, ಸೋಫಾದಿಂದ ಚಮಚದವರೆಗೆ ಬೆಲೆ ಚೀಟಿ ಅಂಟಿಸುತ್ತಾರೆ. ಜನ ಬೆಳಿಗ್ಗೆಯೇ ಬಂದು ನಂಬರ್ ಹಿಡಿದು ನಿಲ್ಲುತ್ತಾರೆ. ಮೊದಲ ದಿನ ಪೂರ್ತಿ ಬೆಲೆ, ಕೊನೆಯ ದಿನ ಅರ್ಧ. ಇದನ್ನೆಲ್ಲ ನಡೆಸಿಕೊಡಲು ಕಂಪನಿಗಳಿವೆ, ಅವು ಬಂದ ಹಣದಲ್ಲಿ ದೊಡ್ಡ ಪಾಲನ್ನೇ ಕಮಿಷನ್ ಹಿಡಿಯುತ್ತವೆ. ಮಗ ಇದನ್ನು ಹೇಳಿದಾಗ ದೊಡ್ಡಮ್ಮ, ‘ಊರಿನವರೆಲ್ಲ ನನ್ನ ಅಡುಗೆಮನೆಗೆ ನುಗ್ಗಿ ಸೌಟು ಎತ್ತಿ ನೋಡೋದೇನೋ?’ ಅಂದರು. ಆದರೂ ಅದರಲ್ಲಿ ಕಲಿಯುವುದಿದೆ.

ಮಾರುವುದನ್ನೆಲ್ಲ ಹಾಲ್ ಮತ್ತು ವರಾಂಡಕ್ಕೆ ತನ್ನಿ, ಉಳಿದ ಕೋಣೆಗಳಿಗೆ ಬೀಗ ಹಾಕಿ. ಶನಿವಾರ-ಭಾನುವಾರ ಎರಡೇ ದಿನ ಇಟ್ಟುಕೊಳ್ಳಿ. ಪರಿಚಯದವರಿಗೆ, ಅಕ್ಕಪಕ್ಕದ ಅಪಾರ್ಟ್‌ಮೆಂಟಿನವರಿಗೆ ಫೋಟೊ ಸಮೇತ ವಾಟ್ಸ್ಆಪ್ ಮಾಡಿ, ಆದರೆ ಬೆಳ್ಳಿ-ಬಂಗಾರದ ಫೋಟೊ ಮಾತ್ರ ಖಂಡಿತ ಬೇಡ. ಬೆಲೆ ಬರೆದು ಅಂಟಿಸಿ. ಹಣ ಕೈಗೆ ಬಂದ ಮೇಲೆ ವಸ್ತು ಕೊಡಿ, ‘ನಾಳೆ ಬಂದು ಒಯ್ಯುತ್ತೇನೆ’ ಎನ್ನುವವರಿಂದ ಪೂರ್ತಿ ಹಣ ಇಸಿದುಕೊಳ್ಳಿ.

ಹಳೇ ಪೀಠೋಪಕರಣದ ವ್ಯಾಪಾರಿಗಳು ಮನೆ ಒಂದು ಸುತ್ತು ಹಾಕಿ ‘ಎಲ್ಲ ಒಟ್ಟಿಗೆ ಇಷ್ಟಕ್ಕೆ ಕೊಟ್ಟುಬಿಡಿ ಮೇಡಂ, ನಿಮಗೂ ತಲೆನೋವು ತಪ್ಪುತ್ತೆ’ ಅನ್ನುತ್ತಾರೆ. ಅವರ ಕಣ್ಣಿರುವುದು ಒಂದು ಬೀಟೆ ಮೇಜಿನ ಮೇಲೆ, ಉಳಿದದ್ದೆಲ್ಲ ನೆಪ. ಬೇರೆ ಬೇರೆ ದಿನ ಮೂವರನ್ನು ಕರೆಸಿ, ಒಂದೊಂದಕ್ಕೂ ಬೇರೆ ಬೆಲೆ ಕೇಳಿ. ಹಾಗೆಂದು ಆಸೆಯನ್ನೂ ಹೆಚ್ಚು ಇಟ್ಟುಕೊಳ್ಳಬೇಡಿ. ಬೀಟೆ, ತೇಗಕ್ಕೆ ಗಿರಾಕಿ ಉಂಟು. ಸೋಫಾ, ಷೋಕೇಸು, ಗಾಜಿನ ಲೋಟದ ಸೆಟ್ಟು, ಎನ್‌ಸೈಕ್ಲೋಪೀಡಿಯಾ ಇವನ್ನು ಕೇಳುವವರೇ ಇಲ್ಲ.

ಪಾತ್ರೆ ತೂಕಕ್ಕೆ ಹೋಗುವುದಾದರೆ ತಾಮ್ರ, ಕಂಚು, ಹಿತ್ತಾಳೆ ಬೇರೆ ಬೇರೆ ಗುಡ್ಡೆ ಮಾಡಿ. ಕಲಸಿಟ್ಟರೆ ಎಲ್ಲವೂ ಹಿತ್ತಾಳೆಯ ಬೆಲೆಗೇ ಹೋಗುತ್ತದೆ. ಗುರುತು ಸಿಗದಿದ್ದರೆ ಬೆರಳಿನಿಂದ ತಟ್ಟಿ, ಕಂಚು ಗಂಟೆಯ ಹಾಗೆ ದನಿ ಎಳೆಯುತ್ತದೆ. ನಿಮ್ಮ ತಕ್ಕಡಿಯಲ್ಲಿ ಒಮ್ಮೆ ತೂಗಿ ಬರೆದಿಟ್ಟುಕೊಂಡಿರಿ. ಬೆಳ್ಳಿಯನ್ನೂ ಹಾಗೇ. ಒಳಗೆ ಅರಗು ತುಂಬಿದ ದೀಪದ ಕಂಬಗಳಲ್ಲಿ ತೂಕ ಕಳೆಯುತ್ತಾರೆ, ಗಾಬರಿಯಾಗಬೇಡಿ. ಹಳೇ ಜರಿ ಸೀರೆಗಳನ್ನು ಪಾತ್ರೆಯವಳಿಗೆ ಕೊಟ್ಟು ಸ್ಟೀಲ್ ಬೇಸಿನ್ ಇಸಿದುಕೊಂಡರೆ ನಷ್ಟ ನಿಮಗೇ! ಆಗಿನ ಜರಿಯಲ್ಲಿ ಬೆಳ್ಳಿ ಇರುತ್ತಿತ್ತು. ಪರೀಕ್ಷೆ ಮಾಡಿಸಿ.

ತೆರಿಗೆಯ ಒಂದು ಮಾತು. ಮನೆಯಲ್ಲಿ ಬಳಸಿದ ಪೀಠೋಪಕರಣ, ಪಾತ್ರೆ-ಪಗಡ ಮಾರಿದ್ದಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಆದರೆ ಒಡವೆ, ಚಿತ್ರ, ಶಿಲ್ಪ ಮಾರಿದ್ದಕ್ಕೆ ಉಂಟು. ಅಜ್ಜಿಯ ಕಾಲದ್ದಾದರೆ 2001ರ ಏಪ್ರಿಲ್ 1ರ ಬೆಲೆಯನ್ನು ಆಧಾರವಾಗಿ ಇಟ್ಟುಕೊಳ್ಳಬಹುದು. ಮಾರುವ ಮೊದಲೇ ಮೌಲ್ಯಮಾಪಕರಿಂದ ಬರೆಸಿಕೊಳ್ಳಿ.

ಬಾಗಿಲೂ ನಿಮ್ಮದೇ

ಮನೆ ಕೆಡವುವವರು ಹಳೇ ತೇಗದ ಬಾಗಿಲು, ಕಿಟಕಿ, ತೊಲೆ, ಹೆಂಚು ಎಲ್ಲವನ್ನೂ ಬೇರೆಡೆ ಮಾರಿಕೊಳ್ಳುತ್ತಾರೆ. ಅದು ಅವರ ಲೆಕ್ಕದಲ್ಲಿ ಸೇರಿಯೇ ಇರುತ್ತದೆ. ಬಿಲ್ಡರ್ ಜತೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಇವು ಯಾರಿಗೆ ಸೇರಿದ್ದು ಅಂತ ಬರೆಸಿ. ದೊಡ್ಡಮ್ಮನ ಮನೆಯಲ್ಲಿ ಇದು ಯಾರಿಗೂ ಹೊಳೆಯಲಿಲ್ಲ. ಮುಂಬಾಗಿಲು ಈಗ ಯಾವುದೋ ರೆಸಾರ್ಟಿನಲ್ಲಿದೆಯಂತೆ.

ಬೀಗದ ಕೈ ಕೊಡುವ ದಿನ ಬಾಗಿಲಿನ ಹಿಂದಿನ ಮೊಳೆ, ಬಚ್ಚಲಿನ ಗೂಡು, ದೇವರ ಮನೆಯ ಮೇಲಿನ ಹಲಗೆ ಇಷ್ಟನ್ನೂ ಕೈಯಾಡಿಸಿ ನೋಡಿ. ಗ್ಯಾಸ್ ಸಂಪರ್ಕದ ವಿಳಾಸ ಬದಲಿಸಿ, ಕರೆಂಟು ಮತ್ತು ನೀರಿನ ಮೀಟರಿನ ಫೋಟೊ ತೆಗೆದುಕೊಳ್ಳಿ. ತುಳಸಿಯನ್ನು ಒಂದು ವಾರ ಮುಂಚೆಯೇ ಬೇರಿನ ಮಣ್ಣಿನ ಸಮೇತ ಕುಂಡಕ್ಕೆ ಹಾಕಿಡಿ. ಹೊರಡುವ ದಿನವೇ ಕಿತ್ತರೆ ಬಾಡುತ್ತದೆ.