ಕೈಯಿಲ್ಲದ ಕತ್ತರಿ

ಸರಕಾರದ ಭಾಷೆಯಲ್ಲಿ ‘ಖೋತಾ’ ಎಂಬ ಮಾತೊಂದುಂಟು. ಹಳೆಯ ದಫ್ತರುಗಳ ಮೂಲಕ ಕನ್ನಡಕ್ಕೆ ಬಂದು, ಈಗ ನಮ್ಮದೇ ಆಗಿಹೋಗಿರುವ ಮಾತು. ಆದಾಯಕ್ಕಿಂತ ವೆಚ್ಚ ಹೆಚ್ಚಾದರೆ ಮುಂಗಡಪತ್ರವು ಖೋತಾ. ಆ ಕೊರತೆಯನ್ನು ತುಂಬಲೆಂದು ನೌಕರನ ಸಂಬಳದಲ್ಲಿ ಮುರಿದುಕೊಂಡದ್ದೂ ಖೋತಾ. ರೋಗಕ್ಕೂ ಮದ್ದಿಗೂ ಒಂದೇ ಹೆಸರಿಟ್ಟ ನಮ್ಮ ಜನರ ಜಾಣತನವನ್ನು ಮೆಚ್ಚಬೇಕು. ಮದ್ದು ಯಾವ ಗಳಿಗೆಯಲ್ಲಿ ತಾನೇ ರೋಗವಾಗುವುದೆಂದು ಹೇಳುವುದು ವೈದ್ಯರಿಗೂ ಕಷ್ಟ, ಅರ್ಥಸಚಿವರಿಗೂ ಕಷ್ಟ.

ಸಂಸಾರಸ್ಥರಿಗೆ ಮಿತವ್ಯಯವನ್ನು ಯಾರೂ ಕಲಿಸಬೇಕಾಗಿಲ್ಲ. ತಿಂಗಳ ಕೊನೆಗೆ ಕೈ ಬರಿದಾದಾಗ ಮನೆಯಾಕೆ ಮೊದಲು ತನ್ನ ಸೀರೆಯ ಆಸೆಯನ್ನು ಮುಂದಕ್ಕೆ ಹಾಕುತ್ತಾಳೆ. ಆಮೇಲೆ ಯಜಮಾನರ ಕಾಫಿಪುಡಿಗೆ ಚಿಕೋರಿಯನ್ನು ಸ್ವಲ್ಪ ಹೆಚ್ಚಿಸುತ್ತಾಳೆ. ಮಗುವಿನ ಹಾಲನ್ನೂ ಅಜ್ಜಿಯ ಔಷಧವನ್ನೂ ಕೊನೆಯವರೆಗೆ ಮುಟ್ಟುವುದಿಲ್ಲ. ಹಾಲು, ಔಷಧ, ಸೀರೆ, ಸಿನಿಮಾ ಎಲ್ಲದರಲ್ಲಿಯೂ ರೂಪಾಯಿಗೆ ಹತ್ತು ಪೈಸೆ ಕಡಿತವೆಂದು ಕಟ್ಟಳೆ ಮಾಡಿದ ಮನೆಯನ್ನು ನಾನು ಬಸವನಗುಡಿಯಲ್ಲಿಯೂ ಕಂಡಿಲ್ಲ, ಮಲ್ಲೇಶ್ವರದಲ್ಲಿಯೂ ಕಂಡಿಲ್ಲ. ಅಂಥ ಕಟ್ಟಳೆಯನ್ನು ಸರಕಾರಗಳು ಮಾತ್ರ ಮಾಡುತ್ತವೆ.

ನಮ್ಮ ನಾಡಿಗೆ ಕಡಿತವು ಹೊಸದಲ್ಲ. 1876ರಿಂದ 1878ರವರೆಗಿನ ಮಹಾ ಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಹಣ್ಣಾಯಿತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ಗಣತಿಯ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅದೇ 1881ರಲ್ಲಿ ಅಧಿಕಾರವು ಮತ್ತೆ ಒಡೆಯರ ಕೈಗೆ ಬಂದಾಗ, ದಿವಾನರಾದ ಸಿ. ರಂಗಾಚಾರ್ಲು ಅವರಿಗೆ ಒದಗಿದ್ದು ಬರಿದಾದ ಬೊಕ್ಕಸ, ಕ್ಷಾಮಕಾಲದ ಸಾಲ, ಮತ್ತು ಬ್ರಿಟಿಷರಿಗೆ ತೆರಬೇಕಾದ ಪೊಗದಿಯನ್ನು ವರ್ಷಕ್ಕೆ 35 ಲಕ್ಷ ರೂಪಾಯಿಗೆ ಏರಿಸಬೇಕೆಂಬ ಷರತ್ತು. ಆ ಏರಿಕೆಯನ್ನು ಕೆಲವು ವರ್ಷ ಮುಂದಕ್ಕೆ ಹಾಕಿಸಿಕೊಂಡರೂ ಖರ್ಚನ್ನು ಇಳಿಸದೆ ಗತಿಯಿರಲಿಲ್ಲ. ರಂಗಾಚಾರ್ಲು ಇಳಿಸಿದರು. 1882ರಲ್ಲಿ ಹಾಸನ ಮತ್ತು ಚಿತ್ರದುರ್ಗಗಳು ಜಿಲ್ಲೆಯೆಂಬ ಪದವಿಯನ್ನು ಕಳೆದುಕೊಂಡು, ನೆರೆಯ ಜಿಲ್ಲೆಗಳ ಅಧೀನದಲ್ಲಿ ಉಪವಿಭಾಗಗಳಾದವು.

ಕಚೇರಿಯನ್ನು ಕಳೆದುಕೊಂಡ ಊರಿನ ಕಷ್ಟ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಆ ಕಡಿತಕ್ಕೊಂದು ಮುಖವಿತ್ತು. ಮಾಡಿದವರು ಯಾರು, ಏತಕ್ಕೆ ಮಾಡಿದರು ಎಂಬುದು ಎಲ್ಲರಿಗೂ ತಿಳಿದಿತ್ತು. 1881ರ ಅಕ್ಟೋಬರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಕೂಡಿಸಿದವರೂ ಅದೇ ದಿವಾನರು. ಆ ಸಭೆಗೆ ಹಣ ಮಂಜೂರು ಮಾಡುವ ಹಕ್ಕಿರಲಿಲ್ಲ. ಕೇಳುವ, ಹೇಳಿಕೊಳ್ಳುವ ಹಕ್ಕು ಮಾತ್ರ ಇತ್ತು. ಅಷ್ಟಾದರೂ ಇತ್ತು. ಮುಂದೆ ಕೆ. ಶೇಷಾದ್ರಿ ಅಯ್ಯರ್ ದಿವಾನರಾದ ಮೇಲೆ, 1886ರಲ್ಲಿ, ಆ ಎರಡು ಜಿಲ್ಲೆಗಳೂ ಮರಳಿ ಜಿಲ್ಲೆಗಳಾದವು. ಒಬ್ಬರು ಯೋಚಿಸಿ ಕತ್ತರಿಸಿದ್ದನ್ನು ಇನ್ನೊಬ್ಬರು ಯೋಚಿಸಿ ಹೊಲಿಯುವುದು ಸಾಧ್ಯ.

ಈಚಿನ ಕಾಲದ ಕಡಿತವು ಬೇರೆ ಜಾತಿಯದು. ಅದಕ್ಕೆ ಕತ್ತರಿಯುಂಟು, ಹಿಡಿದ ಕೈಯಿಲ್ಲ. ಇದರ ದೊಡ್ಡ ಪ್ರಯೋಗ ನಡೆದದ್ದು ಅಮೆರಿಕದಲ್ಲಿ. ಪಕ್ಷಗಳು ಒಂದು ಒಪ್ಪಂದಕ್ಕೆ ಬರದಿದ್ದರೆ ವೆಚ್ಚವು ತಾನಾಗಿಯೇ ಕಡಿತವಾಗತಕ್ಕದ್ದೆಂದು ಅಲ್ಲಿನ ಶಾಸನಸಭೆಯು 2011ರಲ್ಲಿ ಕಾನೂನು ಮಾಡಿತು. ಇಷ್ಟು ಒರಟಾದ ಶಿಕ್ಷೆಗೆ ಹೆದರಿಯಾದರೂ ಎರಡು ಪಕ್ಷಗಳು ಕೂಡಿ ಕುಳಿತುಕೊಂಡಾವು ಎಂಬುದು ಕಾನೂನು ಮಾಡಿದವರ ಎಣಿಕೆ. ಯಾರೂ ಹೆದರಲಿಲ್ಲ. 2013ರ ಮಾರ್ಚಿ 1ರಂದು ಕತ್ತರಿಯು ತಾನೇ ನಡೆಯಿತು. ಆ ವರ್ಷಕ್ಕೆ 8,500 ಕೋಟಿ ಡಾಲರುಗಳ ಕಡಿತ. ಬಡಮಕ್ಕಳ ಶಿಶುವಿಹಾರಗಳಲ್ಲಿ ಸುಮಾರು 57,000 ಸ್ಥಾನಗಳು ಹೋದವು. ಏಪ್ರಿಲಿನಲ್ಲಿ ವಿಮಾನಸಂಚಾರವನ್ನು ನಿಯಂತ್ರಿಸುವ ನೌಕರರಿಗೆ ಸಂಬಳವಿಲ್ಲದ ರಜೆ ಕೊಟ್ಟಾಗ ವಿಮಾನಗಳು ತಡವಾದವು. ಒಂದು ವಾರ ತುಂಬುವುದರೊಳಗೆ ಶಾಸನಸಭೆಯು ಅದಕ್ಕೊಂದು ಪರಿಹಾರವನ್ನು ಹುಡುಕಿತು. ಶಿಶುವಿಹಾರಗಳಿಗೆ ಅಂಥ ತ್ವರೆ ಒದಗಲಿಲ್ಲ. ಎಲ್ಲರಿಗೂ ಸಮನಾಗಿ ಬಿದ್ದ ಏಟು ಎಲ್ಲರಿಗೂ ಸಮನಾಗಿ ವಾಸಿಯಾಗುವುದಿಲ್ಲ. ಕೂಗಬಲ್ಲವನ ಗಾಯಕ್ಕೆ ಮದ್ದು ಬೇಗ ಬರುತ್ತದೆ.

ನಮ್ಮಲ್ಲಿ ಇಷ್ಟು ಒರಟಾದ ಕಾನೂನು ಇಲ್ಲ. ಆದರೂ ಅದರ ನೆಂಟರು ಇದ್ದಾರೆ. ಕರ್ನಾಟಕವು 2002ರಲ್ಲಿಯೇ ವಿತ್ತೀಯ ಹೊಣೆಗಾರಿಕೆಯ ಅಧಿನಿಯಮವನ್ನು ತಂದು, ರಾಜ್ಯದ ಉತ್ಪನ್ನದಲ್ಲಿ ಶೇಕಡಾ 3ನ್ನು ವಿತ್ತೀಯ ಕೊರತೆಯು ಮೀರಕೂಡದೆಂದು ತನ್ನ ಕೈಯನ್ನು ತಾನೇ ಕಟ್ಟಿಕೊಂಡಿತು. ಸಾಲದ ಮೇಲೆ ಸಾಲ ಮಾಡುವ ಚಪಲಕ್ಕೆ ಅಂಥ ಕಟ್ಟು ಬೇಕು. ಅದನ್ನು ನಾನು ಹಳಿಯುವುದಿಲ್ಲ. ಕೇಂದ್ರದ ಅರ್ಥ ಸಚಿವಾಲಯವು 2014ರ ಅಕ್ಟೋಬರಿನಲ್ಲಿ ಯೋಜನೇತರ ವೆಚ್ಚದಲ್ಲಿ ಶೇಕಡಾ 10ರ ಕಡ್ಡಾಯ ಕಡಿತವನ್ನು ವಿಧಿಸಿತು. ಬಡ್ಡಿ, ಸಾಲದ ಮರುಪಾವತಿ, ಸಂಬಳ, ಪಿಂಚಣಿ ಮುಂತಾದುವನ್ನು ಮುಟ್ಟಕೂಡದು. ಹೊಸ ಹುದ್ದೆಗಳನ್ನು ಸೃಷ್ಟಿಸಕೂಡದು. ಒಂದು ವರ್ಷಕ್ಕೆ ಮೇಲ್ಪಟ್ಟು ಖಾಲಿಯಿರುವ ಹುದ್ದೆಗಳನ್ನು ತೀರ ಅನಿವಾರ್ಯವಾದ ಹೊರತು ಮತ್ತೆ ಎಬ್ಬಿಸಕೂಡದು. ಪಂಚತಾರಾ ಹೋಟೆಲುಗಳಲ್ಲಿ ಸಭೆ ನಡೆಸಕೂಡದೆಂಬ ಒಳ್ಳೆಯ ಮಾತೂ ಅದರಲ್ಲಿತ್ತು. ಆದರೆ ಖಾಲಿ ಹುದ್ದೆಯ ವಿಷಯವನ್ನು ವಾಚಕರು ಸ್ವಲ್ಪ ಯೋಚಿಸಬೇಕು. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ನಿವೃತ್ತನಾದವನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ, ಅಷ್ಟೆ. ಒಂದು ವರ್ಷ ಕಳೆಯಿತು, ಕುರ್ಚಿಯೇ ಮಾಯವಾಯಿತು. ಎಲ್ಲಿ ಮೊದಲು ನಿವೃತ್ತಿಯಾಯಿತೋ ಅಲ್ಲಿ ಮೊದಲು ಕಡಿತ, ಅಗತ್ಯವನ್ನು ಅಳೆದವರಿಲ್ಲ.

ಇಂಥ ಕಡಿತದ ಲೆಕ್ಕವನ್ನು ವಿದ್ಯಾರ್ಥಿಗಳು ಕಾಗದದ ಮೇಲೆ ಮಾಡಿ ನೋಡಬಹುದು. ಒಂದು ಸಂಸ್ಥೆಗೆ ವರ್ಷಕ್ಕೆ 100 ರೂಪಾಯಿ ಬರುತ್ತದೆಂದು ಇಟ್ಟುಕೊಳ್ಳೋಣ. ಸಂಬಳ, ಬಾಡಿಗೆ, ದೀಪದ ಖರ್ಚು 80. ಉಳಿದ 20ರಲ್ಲಿ ಪುಸ್ತಕ, ಪತ್ರಿಕೆ, ರಟ್ಟು ಕಟ್ಟುವ ಕೂಲಿ, ಸೋರುವ ಮಾಡಿನ ರಿಪೇರಿ. ಮೊತ್ತದಲ್ಲಿ ಶೇಕಡಾ 10 ಇಳಿದರೆ 80ನ್ನು ಮುಟ್ಟುವಂತಿಲ್ಲ. ಇಳಿದ ಹತ್ತೂ ಆ 20ರಿಂದಲೇ ಹೋಗಬೇಕು. ಕಾಗದದಲ್ಲಿ ಹತ್ತನೆಯ ಒಂದು ಪಾಲು, ಕಪಾಟಿನಲ್ಲಿ ಅರ್ಧ ಪಾಲು. ಸಂಸ್ಥೆ ಉಳಿಯುತ್ತದೆ, ಫಲಕ ಉಳಿಯುತ್ತದೆ, ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯುತ್ತದೆ. ಯಾವುದಕ್ಕಾಗಿ ಸಂಸ್ಥೆಯನ್ನು ಕಟ್ಟಿದರೋ ಅದು ಮಾತ್ರ ಕ್ಷೀಣಿಸುತ್ತದೆ.

ನಮ್ಮ ಗ್ರಂಥಾಲಯಗಳಿಗೆ ಈ ಗತಿ ಬಾರದಿರಲೆಂದೇ ಹಿರಿಯರು ಒಂದು ಉಪಾಯ ಮಾಡಿದ್ದರು. ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ 1965ರದು. ಶೇಷಾದ್ರಿ ಅಯ್ಯರ್ ಅವರ ಸ್ಮಾರಕವಾಗಿ ಕಬ್ಬನ್ ಪಾರ್ಕಿನಲ್ಲಿ ನಿಂತಿರುವ ಕೆಂಪು ಕಟ್ಟಡದ ಗ್ರಂಥಾಲಯವು ಆ ಕಾಲದಲ್ಲಿಯೇ ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. ಗ್ರಂಥಾಲಯಗಳು ವರ್ಷವರ್ಷವೂ ಖಜಾನೆಯ ಮುಂದೆ ಕೈಯೊಡ್ಡಿ ನಿಲ್ಲಬಾರದೆಂದು ಕಾನೂನು ಅವುಗಳಿಗೆ ಸ್ವಂತದ ಒಂದು ಉಪಕರವನ್ನೇ ಗೊತ್ತುಮಾಡಿತು. ನಗರದಲ್ಲಿ ಮನೆ ಇದ್ದವರು ಆಸ್ತಿ ತೆರಿಗೆಯ ರಸೀತಿಯನ್ನು ತೆಗೆದು ನೋಡಲಿ. ಗ್ರಂಥಾಲಯದ ಹೆಸರಿನಲ್ಲಿ ಶೇಕಡಾ 6ರ ಉಪಕರವು ಅದರಲ್ಲಿ ಸೇರಿರುತ್ತದೆ. ವಸೂಲಿ ಮಾಡುವುದು ನಗರಾಡಳಿತ, ತಲಪಿಸಬೇಕಾದದ್ದು ಗ್ರಂಥಾಲಯ ಪ್ರಾಧಿಕಾರಕ್ಕೆ. ಕಡಿತವು ತಾನಾಗಿಯೇ ಬರುವುದಾದರೆ ಕೊಡುಗೆಯೂ ತಾನಾಗಿಯೇ ಬರಲಿ ಎಂಬಂಥ ಒಳ್ಳೆಯ ಯೋಚನೆ. ಆದರೆ ವಸೂಲಾದ ಹಣ ಪೂರ್ತಿಯಾಗಿ ಮುಂದಕ್ಕೆ ಸಾಗಲಿಲ್ಲ. 2007ರಿಂದ 2025ರವರೆಗೆ ಇದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಗ್ರಂಥಾಲಯಗಳಿಗೆ ಕೊಡಬೇಕಾದ ಬಾಕಿಯು ನೂರಾರು ಕೋಟಿ ರೂಪಾಯಿಗೆ ಬೆಳೆದ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಈಗ ಆ ಪಾಲಿಕೆ ಹೋಗಿ ಅದರ ಜಾಗದಲ್ಲಿ ಐದು ನಗರಪಾಲಿಕೆಗಳು ಬಂದಿವೆ.

ಈ ಭಾಗದ ಒಂದು ಶಾಖಾ ವಾಚನಾಲಯಕ್ಕೆ ನಾನು ಬಹಳ ವರ್ಷಗಳಿಂದ ಹೋಗುತ್ತಿರುವವನು. ಹೆಸರು ಬೇಡ. ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಪರೀಕ್ಷೆಗೆ ಓದುವ ಹುಡುಗರು ಮೆಟ್ಟಿಲ ಮೇಲೆ ಕುಳಿತಿರುತ್ತಾರೆ. ಒಂದೇ ಕೋಣೆಯ ಮನೆಯಲ್ಲಿ ಐದಾರು ಜನರೊಡನೆ ಇರುವವನಿಗೆ ಅಲ್ಲಿಯ ಮೇಜೇ ಕಾಲೇಜು. ನಾನು ಕಾಣುತ್ತಿದ್ದಂತೆಯೇ ಅಲ್ಲಿ ಮಾಸಪತ್ರಿಕೆಗಳ ಸಾಲು ತೆಳ್ಳಗಾಯಿತು. ಬೆನ್ನು ಹರಿದ ನಿಘಂಟು ರಟ್ಟಿಗೆ ಹೋಗದೆ ದಾರದಲ್ಲಿ ಕಟ್ಟಿಸಿಕೊಂಡಿತು. ಗ್ರಂಥಪಾಲಕರಿಗೆ ಇನ್ನೊಂದು ಶಾಖೆಯ ಹೊಣೆಯೂ ಬಿದ್ದಿತು. “ಯಾವ ಆಜ್ಞೆ ಬಂದಿದೆ ಸ್ವಾಮಿ, ಹೀಗೆ ಎಲ್ಲವನ್ನೂ ಇಳಿಸಿರೆಂದು?” ಎಂದು ಅವರನ್ನು ಒಮ್ಮೆ ಕೇಳಿದೆ. ಅವರು ನಕ್ಕು, “ಇಳಿಸಿ ಎಂದು ನಮಗೆ ಯಾರೂ ಕಾಗದ ಬರೆದಿಲ್ಲ, ಮೇಷ್ಟ್ರೇ. ಬರಬೇಕಾದದ್ದು ಬರಲಿಲ್ಲ, ಅಷ್ಟೆ” ಎಂದರು.

ಆಜ್ಞೆಯಿದ್ದರೆ ಅದರ ಮೇಲೆ ಮನವಿ ಬರೆಯಬಹುದು; ಸಭೆ ಸೇರಿಸಬಹುದು; ಶಾಸಕರ ಮನೆಯ ಬಾಗಿಲಲ್ಲಿ ನಿಲ್ಲಬಹುದು. ಬಾರದೆಹೋದ ಹಣದ ವಿರುದ್ಧ ಯಾರಿಗೆ ಮನವಿ ಕೊಡುವುದು? ಶೇಕಡಾವಾರಿನ ಕಡಿತವಾದರೆ ಸೂತ್ರದತ್ತ ಬೆರಳು ತೋರಿಸುತ್ತಾರೆ. ಬಾಕಿಯಾದರೆ ಒಂದು ಕಚೇರಿ ಇನ್ನೊಂದರತ್ತ ತೋರಿಸುತ್ತದೆ. ಎರಡರಲ್ಲಿಯೂ, ‘ನಾನು ಮಾಡಿದೆ, ಇಂಥ ಕಾರಣಕ್ಕೆ ಮಾಡಿದೆ’ ಎಂದು ಹೇಳುವ ಮನುಷ್ಯ ಸಿಕ್ಕುವುದಿಲ್ಲ. ಖರ್ಚನ್ನು ಇಳಿಸುವುದು ಸರಕಾರದ ಪಾಪವೆಂದು ನಾನು ಎಣಿಸುವುದಿಲ್ಲ. ಇಳಿಸುವ ಹೊಣೆಯನ್ನು ಅಂಕಗಣಿತದ ತಲೆಗೆ ಕಟ್ಟುವುದು ಪಾಪ.

ಸಾರ್ವಜನಿಕ ವಿಷಯಗಳನ್ನು ಜನ ಓದಿ ತಿಳಿಯಬೇಕೆಂದು ಡಿ.ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಂಸ್ಥೆಯನ್ನು ಸ್ಥಾಪಿಸಿದ್ದು ಇದೇ ಬಸವನಗುಡಿಯಲ್ಲಿ. ಮುಂಗಡಪತ್ರವನ್ನು ಓದುವುದು ಅರ್ಥಶಾಸ್ತ್ರಜ್ಞರ ಸ್ವತ್ತಲ್ಲ. ನಮ್ಮ ಉಪಾಧ್ಯಾಯರು ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ತೆರಿಗೆಯ ಒಂದು ರಸೀತಿಯನ್ನು ಹಿಡಿದು, ಅದರಲ್ಲಿ ಗ್ರಂಥಾಲಯದ ಪಾಲೆಷ್ಟು, ಅದು ಎಲ್ಲಿಗೆ ಹೋಗಬೇಕು, ಎಷ್ಟು ತಲಪಿತು ಎಂಬ ಲೆಕ್ಕವನ್ನು ಮಕ್ಕಳಿಂದ ಮಾಡಿಸಲಿ. ಎಂಟನೆಯ ತರಗತಿಯ ಗಣಿತ ಅದಕ್ಕೆ ಸಾಕು. ಉತ್ತರವನ್ನು ಹೊಸ ನಗರಪಾಲಿಕೆಗಳಿಂದ ಬರೆದು ಕೇಳುವುದಕ್ಕೆ ಒಂದು ಅಂಚೆ ಲಕೋಟೆ ಸಾಕು.