ಎರೆಭೂಮಿಯ ಮೇಲೊಂದು ಮನೆ: ನಕಾಶೆಯ ಹೊಣೆ ಯಾರದು?

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಏಕಸಂಬಿಯು ದೂಧಗಂಗಾ ನದಿಯ ಬಯಲಿಗೆ ಸೇರಿದ ಊರು. ಕಬ್ಬು ಬೆಳೆಯುವ ಆ ಸೀಮೆಯ ಎರೆಭೂಮಿಯು ಬೇಸಗೆಯಲ್ಲಿ ಬಾಯ್ಬಿಟ್ಟು ಬಿರಿಯುತ್ತದೆ. ಮಳೆ ಬಿದ್ದೊಡನೆ ಬಿರುಕುಗಳು ಮುಚ್ಚಿ ನೆಲವು ಉಬ್ಬುತ್ತದೆ. ನೀರನ್ನು ಹಿಡಿದಿಡುವ ಈ ಗುಣ ಬೇಸಾಯಗಾರನಿಗೆ ವರ; ಮನೆ ಕಟ್ಟುವವನಿಗೆ ಅದೇ ತೊಡಕು. ಹೀಗೇಕೆಂಬುದನ್ನೂ, ಅಂಥ ನೆಲದಲ್ಲಿ ಕಟ್ಟಿದ ಮನೆ ಬಿರುಕುಬಿಟ್ಟರೆ ಹೊಣೆ ಯಾರದೆಂಬುದನ್ನೂ ಈಗ ವಿಚಾರಿಸೋಣ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಹರಿದ ಲಾವಾರಸವು ಆರಿ ಕಪ್ಪು ಬಸಾಲ್ಟ್ ಶಿಲೆಯಾಯಿತು. ಆ ಶಿಲೆ ಶಿಥಿಲವಾಗಿ ಎರೆಮಣ್ಣು ಹುಟ್ಟಿತು. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹೇರಳವಾಗಿದೆ. ಅದರ ಕಣಗಳು ತೆಳುವಾದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತಿರುತ್ತವೆ. ಹಾಳೆಗಳ ನಡುವೆ ನೀರು ನುಗ್ಗಿದಾಗ ಮಣ್ಣು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಮನೆಯ ನಡುವಣ ನೆಲ ತೇವವಾಗಿಯೇ ಉಳಿದು ಅಂಚಿನ ನೆಲ ಮಾತ್ರ ಒಣಗುವುದರಿಂದ, ಗೋಡೆಯ ಒಂದು ಭಾಗ ಏರಿ ಇನ್ನೊಂದು ಇಳಿಯುತ್ತದೆ. ಕಿಟಕಿಯ ಮೂಲೆಗಳಿಂದ ಓರೆಯಾಗಿ ಹರಿಯುವ ಬಿರುಕು ಇದರ ಗುರುತು.

ಪರಿಹಾರವುಂಟು. ಆಳವಾದ ಎರೆಮಣ್ಣಿನಲ್ಲಿ ಸುಮಾರು 3.5 ಮೀಟರಿಗಿಂತ ಕೆಳಗೆ ಋತುಮಾನದ ಏರುಪೇರು ಅಲ್ಪ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಇಂಥ ನೆಲಕ್ಕೆಂದು ಕಾಂಕ್ರೀಟಿನ ಒಂದು ಬಗೆಯ ಕಂಬವನ್ನು ಬೆಳೆಸಿ ಬಳಕೆಗೆ ತಂದಿತು. ಅದರ ಬುಡವು ಈರುಳ್ಳಿಗಡ್ಡೆಯಂತೆ ಉಬ್ಬಿ, ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು ಅಗಲವಿರುತ್ತದೆ. ನಿಶ್ಚಲವಾದ ಪದರದಲ್ಲಿ ಬುಡವನ್ನೂರಿ ನಿಂತ ಕಂಬಗಳು ಮನೆಯನ್ನು ಹೊರುತ್ತವೆ; ಮೇಲಿನ ಮಣ್ಣು ಉಬ್ಬಿದರೂ ಅವುಗಳನ್ನು ಕೀಳಲಾರದು. ಕಂಬಗಳನ್ನು ಜೋಡಿಸುವ ತೊಲೆಗೂ ನೆಲಕ್ಕೂ ನಡುವೆ ತೆರಪು ಬಿಡುವುದು ಅಗತ್ಯ. ಸಣ್ಣ ಮನೆಗಳಿಗೆ ಪಾಯದ ಕೆಳಗಿನ ಎರೆಮಣ್ಣನ್ನು ತೆಗೆದು, ಉಬ್ಬದ ಗರಸನ್ನು ತುಂಬಿ ದಮ್ಮಸು ಮಾಡುವುದೂ ಉಂಟು. ಕೃಷ್ಣಾ ಕೊಳ್ಳದಲ್ಲಿ 2005, 2019 ಮತ್ತು 2021ರಲ್ಲಿ ಬಂದ ಪ್ರವಾಹಗಳನ್ನು ನೆನೆದರೆ, ನೆಲಗಟ್ಟು ಎಷ್ಟು ಎತ್ತರವಿರಬೇಕೆಂಬುದನ್ನೂ ನಕಾಶೆಯಲ್ಲೇ ತೀರ್ಮಾನಿಸಬೇಕೆಂಬುದು ಸ್ಪಷ್ಟ.

ಇನ್ನು ಕಾಯದೆಯ ಕಡೆಗೆ ಬರೋಣ. ಏಕಸಂಬಿಯಂಥ ಪಟ್ಟಣ ಪಂಚಾಯತಿಗಳಿಗೆ ಅನ್ವಯಿಸುವುದು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ. ಕಟ್ಟುವ ಮುನ್ನ ನಕಾಶೆ ಒಪ್ಪಿಸಿ ಅನುಮತಿ ಪಡೆಯಬೇಕು. ಆದರೆ ಪಂಚಾಯತಿಯ ಮುದ್ರೆ ಬಿದ್ದ ಮಾತ್ರಕ್ಕೆ ಮಣ್ಣಿನ ಪರೀಕ್ಷೆ ಆಯಿತೆಂದು ತಿಳಿಯುವುದು ತಪ್ಪು. ಅನುಮತಿಯು ಕಟ್ಟಲು ಅಡ್ಡಿಯಿಲ್ಲವೆನ್ನುತ್ತದೆಯೇ ಹೊರತು, ಕಟ್ಟಡದ ಭದ್ರತೆಗೆ ಜಾಮೀನು ನಿಲ್ಲುವುದಿಲ್ಲ. 1970ರಲ್ಲಿ ಮೊದಲು ಪ್ರಕಟವಾಗಿ 2016ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ತಾನಾಗಿಯೇ ಕಾಯದೆಯಲ್ಲ. ಸ್ಥಳೀಯ ನಿಯಮಗಳು ಅಂಗೀಕರಿಸಿದಾಗಲೇ ಅದಕ್ಕೆ ಕಡ್ಡಾಯದ ಬಲ.

ಹಾಗಾದರೆ ಸಂಹಿತೆಯಿಂದ ಏನು ಪ್ರಯೋಜನ? ವ್ಯಾಜ್ಯ ಹುಟ್ಟಿದಾಗ ಅದರ ಬೆಲೆ ತಿಳಿಯುತ್ತದೆ. ಕ್ರಿ. ಪೂ. 18ನೆಯ ಶತಮಾನದ ಬ್ಯಾಬಿಲೋನಿನಲ್ಲಿ ಹಮ್ಮುರಬಿಯ ಶಾಸನವು, ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ ವಿಧಿಸುತ್ತಿತ್ತು. ಇಂದಿನ ನ್ಯಾಯ ಕೇಳುವ ಪ್ರಶ್ನೆ ಬೇರೆ: ಕಸಬು ಬಲ್ಲವನು ವಹಿಸಬೇಕಾದ ಎಚ್ಚರವನ್ನು ವಹಿಸಿದ್ದನೇ? ಆ ಎಚ್ಚರವನ್ನು ಅಳೆಯಲು ಸಂಹಿತೆ ಒಂದು ಅಳತೆಗೋಲಾಗಬಲ್ಲದು. ವಿಜ್ಞಾನವೂ ನ್ಯಾಯವೂ ಕೂಡುವುದು ಇಲ್ಲಿ.

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಮನೆ ಕಟ್ಟಿಕೊಡುವುದನ್ನು ಸೇವೆಯೆಂದು ಎಣಿಸುತ್ತದೆ. ಸೇವೆಯಲ್ಲಿ ಕೊರತೆಯಾದರೆ ದೂರು ಸಲ್ಲಿಸಬಹುದು. ಹಳೆಯ ದಂಡಸಂಹಿತೆಯ 288ನೆಯ ಕಲಮು ಕಟ್ಟಡವನ್ನು ಕೆಡಹುವಾಗ ಇಲ್ಲವೆ ದುರಸ್ತಿ ಮಾಡುವಾಗ ತೋರಿದ ಅಲಕ್ಷ್ಯವನ್ನು ಮಾತ್ರ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 290ನೆಯ ಕಲಮಿನಲ್ಲಿ ಕಟ್ಟುವಾಗಿನ ಅಲಕ್ಷ್ಯವೂ ಸೇರಿದೆ. ಇದು ಒಂದೇ ಪದದ ಸೇರ್ಪಡೆಯಾದರೂ ಅಲ್ಪವಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕುಸಿದು 19 ಜನರ ಪ್ರಾಣ ತೆಗೆದದ್ದು ಇನ್ನೂ ಕಟ್ಟುತ್ತಿದ್ದ ಕಟ್ಟಡವೇ.

ಹೊಣೆಯು ಒಬ್ಬನದೇ ಅಲ್ಲ. ಮಣ್ಣನ್ನು ನೋಡದೆ ನಕಾಶೆ ಬರೆದವನು, ನಕಾಶೆಯನ್ನು ಬಿಟ್ಟು ಕಬ್ಬಿಣ ಉಳಿಸಿದ ಗುತ್ತಿಗೆದಾರ, ಒಂದು ಅಂತಸ್ತಿನ ಪಾಯದ ಮೇಲೆ ಎರಡನೆಯದನ್ನು ಏರಿಸೆಂದು ಗೌಂಡಿಯನ್ನು ಒತ್ತಾಯಿಸಿದ ಯಜಮಾನ, ಇವರೆಲ್ಲರೂ ಅದರಲ್ಲಿ ಪಾಲುಗಾರರು. ಆದುದರಿಂದ ಮಣ್ಣಿನ ಪರೀಕ್ಷೆಯ ವರದಿ, ಇಂಜಿನಿಯರರ ರುಜುವಿರುವ ನಕಾಶೆ, ಕೆಲಸದ ವಿವರವುಳ್ಳ ಕರಾರುಪತ್ರ, ಈ ಮೂರನ್ನೂ ಪಾಯ ತೋಡುವ ಮೊದಲೇ ಕೈಯಲ್ಲಿಟ್ಟುಕೊಳ್ಳುವುದು ಜಾಣತನ. ಒಂದು ಸಂಸಾರದ ಜೀವಮಾನದ ಗಳಿಕೆಯೆಲ್ಲ ಮನೆಯಲ್ಲಿ ಅಡಗಿರುತ್ತದೆ. ಅದನ್ನು ಹೊರಬೇಕಾದ ನೆಲದ ಸ್ವಭಾವವನ್ನು ಮೊದಲು ಅರಿಯೋಣ.