ದೊಡ್ಡವರ ಪಾಠಕ್ರಮ, ಹುಡುಗರ ತರಗತಿಯಲ್ಲಿ

ವಯಸ್ಕರಿಗೆ ಕಲಿಸುವ ರೀತಿಯೇ ಬೇರೆ, ಹುಡುಗರಿಗೆ ಕಲಿಸುವ ರೀತಿಯೇ ಬೇರೆ ಎಂದು ಉಪಾಧ್ಯಾಯರಾದ ನಾವು ಬಹುಕಾಲದಿಂದ ನಂಬಿಕೊಂಡು ಬಂದಿದ್ದೇವೆ. ವಯಸ್ಕನು ಅನುಭವದ ಗಂಟನ್ನು ಹೊತ್ತುಕೊಂಡೇ ಪಾಠಕ್ಕೆ ಬರುತ್ತಾನೆ, 'ಇದರಿಂದ ನನಗೇನು?' ಎಂದು ಕೇಳುತ್ತಾನೆ. ಇಂದು ಕಲಿತದ್ದು ನಾಳೆ ಕೆಲಸಕ್ಕೆ ಬಾರದಿದ್ದರೆ ನಾಡಿದ್ದು ಆತನೇ ಬರುವುದಿಲ್ಲ. ಅಮೆರಿಕದ ಮಾಲ್ಕಮ್ ನೋಲ್ಸ್ ಎಂಬ ವಿದ್ವಾಂಸರು 1970ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿಯೇ ಈ ಎರಡು ಕ್ರಮಗಳನ್ನು ಎದುರುಬದುರಾಗಿ ನಿಲ್ಲಿಸಿದ್ದರು. ಶಾಲಾ ಉಪಾಧ್ಯಾಯರು ಮೊದಲನೆಯದನ್ನು ಹುಡುಗರಲ್ಲಿಯೂ ಪ್ರಯೋಗಿಸಿ, ಫಲ ಕಂಡು ತಿಳಿಸಿದ ಮೇಲೆ, 1980ರ ಆವೃತ್ತಿಯಲ್ಲಿ ಆ 'ಎದುರು' ಎಂಬ ಮಾತನ್ನೇ ತೆಗೆದುಹಾಕಿದರು. ತಪ್ಪನ್ನು ಮುಖಪುಟದಲ್ಲಿ ತಿದ್ದಿಕೊಳ್ಳುವ ವಿದ್ವಾಂಸರು ವಿರಳ. ನಮ್ಮ ಪಂಡಿತವರ್ಗದಲ್ಲಂತೂ ಇನ್ನೂ ವಿರಳ!

ದಾವಣಗೆರೆಯ ಮಂಡಕ್ಕಿ-ಮೆಣಸಿನಕಾಯಿಯನ್ನು ತಾವು ಸವಿದಿರಬಹುದು. ಆ ಮಂಡಕ್ಕಿ ಹುಟ್ಟುವ ಭಟ್ಟಿಗಳ ಕೇರಿಯಿಂದ ಒಬ್ಬ ಹುಡುಗ ನನ್ನ ಒಂಬತ್ತನೆಯ ತರಗತಿಗೆ ಬರುತ್ತಿದ್ದ. ನಸುಕಿನಲ್ಲೆದ್ದು ತಂದೆತಾಯಿಗಳ ಕೆಲಸಕ್ಕೆ ಕೈಗೂಡಿಸಿ ಬಂದವನು ವ್ಯಾಕರಣ ಆರಂಭವಾಗುತ್ತಲೇ ತೂಕಡಿಸುತ್ತಿದ್ದ. ಬೈದೆ, ಬೆಂಚಿನ ಮೇಲೆ ನಿಲ್ಲಿಸಿದೆ. 'ಇದನ್ನು ಕಲಿತು ಏನ್ ಮಾಡ್ಲಿ ಸಾರ್? ಮುಂದಿನ ತಿಂಗಳಿಂದ ಭಟ್ಟಿಗೇ ಹೋಗ್ತೀನಿ' ಎಂದುಬಿಟ್ಟ. ಆಗ ಉದ್ಧಟತನವೆಂದು ಕಂಡಿತು. ರಾತ್ರಿ ಯೋಚಿಸುವಾಗ, ವಯಸ್ಕನು ಕೇಳುವ ಪ್ರಶ್ನೆಯೇ ಇದೆಂದು ಹೊಳೆಯಿತು. ಉತ್ತರ ನನ್ನಲ್ಲಿರಲಿಲ್ಲ.

ಮರುದಿನ ಪುಸ್ತಕ ಮುಚ್ಚಿಟ್ಟು, ಮಂಡಕ್ಕಿ ಆಗುವ ಬಗೆಯನ್ನು ಹೇಳಪ್ಪಾ ಎಂದೆ. ಭತ್ತ ನೆನೆಸುವುದು, ಅಕ್ಕಿಗೆ ಉಪ್ಪು ಹಿಡಿಸುವುದು, ಕಾದ ಮರಳಿನಲ್ಲಿ ಹುರಿಯುವುದು, ಜರಡಿ ಹಿಡಿಯುವುದು, ಎಲ್ಲವನ್ನೂ ತಡವರಿಸದೆ ಹೇಳಿದ. 'ಹುರಿದ ಅಕ್ಕಿ, ಹುರಿಯುವ ಅಕ್ಕಿ, ಹುರಿಯದ ಅಕ್ಕಿ' ಎಂದು ಕರಿಹಲಗೆಯ ಮೇಲೆ ಬರೆದೆ. ಭೂತ, ವರ್ತಮಾನ, ನಿಷೇಧ: ಕೃದಂತನಾಮದ ಮೂರು ಬಗೆಗಳೂ ಅವನ ಭಟ್ಟಿಯಿಂದಲೇ ಬಂದವು! ಉಳಿದವರೂ ತಂತಮ್ಮ ಮನೆಯ ಕಸುಬಿನಿಂದ ಉದಾಹರಣೆಗಳನ್ನು ತಂದರು.

ಹಳಗನ್ನಡಕ್ಕೆಂದು ಹರಿಹರಕ್ಕೂ ಹೋದೆವು. 1224ರಲ್ಲಿ ಪೋಲಾಳ್ವ ದಂಡನಾಯಕನು ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಶಾಸನಗಳಲ್ಲಿ ಏನನ್ನು ಹುಡುಕಬೇಕೆಂಬುದನ್ನು ಅವರಿಗೇ ಬಿಟ್ಟೆ. ಗುರುತು ಸಿಕ್ಕಿದ್ದು ಬೆರಳೆಣಿಕೆಯ ಅಕ್ಷರಗಳಷ್ಟೆ. ದಾನ ಕೊಟ್ಟ ಹೊಲ ಯಾರದಿತ್ತೆಂಬ ವಾದ ಮಾತ್ರ ಬಸ್ಸಿನಲ್ಲಿಯೂ ಮುಗಿಯಲಿಲ್ಲ.

ಹಾಗೆಂದು ಎಲ್ಲವನ್ನೂ ಹುಡುಗರ ಇಚ್ಛೆಗೆ ಬಿಡಲಾಗದು. ತನಗೇನು ಬೇಕೆಂಬುದು ವಯಸ್ಕನಿಗೆ ಗೊತ್ತು. 14 ವರ್ಷದವನಿಗೆ ಅರ್ಧ ಗೊತ್ತು. ಷಟ್ಪದಿಯ ಲಕ್ಷಣವನ್ನು ನಾನು ಇಂದಿಗೂ ಬಾಯಿಪಾಠ ಮಾಡಿಸುತ್ತೇನೆ.

ಆ ಹುಡುಗ ಮುಂದಿನ ತಿಂಗಳೂ ಬಂದ. ಎಸ್.ಎಸ್.ಎಲ್.ಸಿ.ಯನ್ನು ಎರಡನೆಯ ಸಲಕ್ಕೆ ಮುಗಿಸಿದ. ಕನ್ನಡ ಮೊದಲ ಸಲವೇ ಆಗಿತ್ತು. ಹಿಂದೆ ಹಿಡಿದದ್ದು ಗಣಿತ.